ಊರಿನವರ ದರ

ಅಕ್ಕನ ರೈಲು ಮಧ್ಯಾಹ್ನ ಎರಡೂವರೆಗೆ. ಆದರೆ ಬೆಳಿಗ್ಗೆ ಎದ್ದಾಗಿನಿಂದ ಅವನ ತಲೆ ತಿನ್ನುತ್ತಿದ್ದದ್ದು ಟ್ಯಾಕ್ಸಿ. ಮನೆಯಿಂದ ಸ್ಟೇಷನ್ನಿಗೆ ಇಪ್ಪತ್ತೈದು ನಿಮಿಷ. ಸೇತುವೆಯ ಮೇಲೆ ಗಾಡಿಗಳು ಕಟ್ಟಿಕೊಂಡರೆ ಮೂವತ್ತೈದು. ಅಷ್ಟರೊಳಗೆ ಅಕ್ಕ ಆ ಮಾತನ್ನು ಹೇಳಿ ಮುಗಿಸಬೇಕು. ಆರು ವಾರದ ಹಿಂದೆ ಇದೇ ರಸ್ತೆಯಲ್ಲಿ ಸ್ಟೇಷನ್ನಿನಿಂದ ಮನೆಗೆ ಬರುವಾಗ ಅವಳು ಅದಕ್ಕೆ ಬಾಯಿ ತೆರೆದಿದ್ದಳು. 'ಅಪ್ಪ ಕೊನೇ ದಿನ ನಿನ್ನ ವಿಷಯ ಏನಂದ್ರು ಗೊತ್ತೇನೋ' ಎಂದಿದ್ದಳು. ಅವನು ತಟ್ಟನೆ ಅವಳ ಮಂಡಿ ಒತ್ತಿ, ಕಣ್ಣಿನಲ್ಲೇ ಡ್ರೈವರನ್ನು ತೋರಿಸಿ, ಸುಮ್ಮನಿರಿಸಿದ್ದ. ಆಮೇಲೆ ಆರು ವಾರ ಅಡುಗೆಮನೆಯಲ್ಲಿ, ಮೆಟ್ಟಿಲ ಮೇಲೆ, ಬಟ್ಟೆ ಒಣಹಾಕುವ ತಂತಿಯ ಹತ್ತಿರ, ಎಲ್ಲಿ ಕೇಳಿದರೂ 'ಏನಿಲ್ಲ ಬಿಡು' ಎಂದಳೇ ಹೊರತು ಆ ಮಾತು ಮತ್ತೆ ಅವಳ ಬಾಯಿಗೆ ಬರಲಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಅದನ್ನು ಎಬ್ಬಿಸಬೇಕು, ಟ್ಯಾಕ್ಸಿಯಲ್ಲಿ ನಿಂತದ್ದು ಟ್ಯಾಕ್ಸಿಯಲ್ಲೇ ಮುಂದುವರಿಯಬೇಕು ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಇದು ಹುಚ್ಚು ಎಂದು ಅವನಿಗೂ ಗೊತ್ತಿತ್ತು.

ಟ್ಯಾಕ್ಸಿಯಲ್ಲಿ ತಮ್ಮ ಮಾತು, ಅಂದರೆ ಹುಟ್ಟೂರಿನ ಭಾಷೆ, ಆಡಬಾರದು ಎನ್ನುವುದು ಅವನೇ ಮಾಡಿದ ಕಾನೂನು. ಹನ್ನೊಂದು ವರ್ಷದ ಹಿಂದೆ ಈ ಪರದೇಶಕ್ಕೆ ಬಂದಿಳಿದ ದಿನ ಸ್ಟೇಷನ್ನಿನ ಹೊರಗೆ ಒಬ್ಬ ಡ್ರೈವರು ಅವನ ಪೆಟ್ಟಿಗೆಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದ. ಎಂಥ ಒಳ್ಳೆಯ ಜನ ಎಂದುಕೊಂಡಿದ್ದ ಅವನು. ಒಂದೇ ಗಡಿಯಾರದ ಗೋಪುರ ಮೂರು ಸಲ ಕಿಟಕಿಯಲ್ಲಿ ಹಾದುಹೋದಾಗಲೂ, ಈ ಊರಿನಲ್ಲಿ ಎಷ್ಟೊಂದು ಗೋಪುರಗಳು ಎಂದುಕೊಂಡಿದ್ದನೇ ಹೊರತು ಅನುಮಾನಪಟ್ಟಿರಲಿಲ್ಲ. ಎರಡು ವಾರದ ಮೇಲೆ ಆ ವಸತಿಗೃಹದಿಂದ ಸ್ಟೇಷನ್ನಿಗೆ ನಡೆದರೆ ಹತ್ತು ನಿಮಿಷ ಎಂದು ತಿಳಿಯಿತು. ಹಣ ಹೋದದ್ದಕ್ಕಿಂತ, ಇಳಿಯುವಾಗ ಆ ಮನುಷ್ಯನ ಕೈ ಹಿಡಿದು ಎರಡೆರಡು ಸಲ ಧನ್ಯವಾದ ಹೇಳಿದ್ದನ್ನು ನೆನೆದರೆ ಇವತ್ತಿಗೂ ಅವನ ಕಿವಿ ಬಿಸಿಯಾಗುತ್ತದೆ. ಈ ಊರಿನ ಟ್ಯಾಕ್ಸಿಗಳಲ್ಲಿ ಮೀಟರು ಇರುತ್ತದೆ, ಅದರ ಮೇಲೆ ಒಂದು ಬಟ್ಟೆಯೂ ಇರುತ್ತದೆ. ಊರಿನವರಿಗೊಂದು ದರ, ಹೊರಗಿನವರಿಗೊಂದು ದರ. ಯಾರು ಯಾರೆಂಬುದನ್ನು ಡ್ರೈವರು ಬಾಗಿಲು ಹಾಕಿಕೊಳ್ಳುವ ಸದ್ದಿನಲ್ಲೇ ಹೇಳಿಬಿಡುತ್ತಾನೆ.

ಹಟ ಹಿಡಿದರೆ ಅವನು ಬಿಡುವವನಲ್ಲ. ಕಲಿತ. ಪರದೇಶದವರು ಹತ್ತುವಾಗಲೇ ನಗುತ್ತಾರೆ, ಊರಿನವರು ನಗುವುದಿಲ್ಲ. ಪರದೇಶದವರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಊರಿನವರು ಪಕ್ಕಕ್ಕೆ ಎಸೆಯುತ್ತಾರೆ. ವಿಳಾಸ ಹೇಳಬಾರದು, 'ಗಿರಣಿ ಮೂಲೆ' ಎನ್ನಬೇಕು. ಗಿರಣಿ ಬಿದ್ದು ಇಪ್ಪತ್ತು ವರ್ಷವಾಗಿದ್ದರೂ ಊರಿನವರು ಇನ್ನೂ ಹಾಗೇ ಅನ್ನುತ್ತಾರೆ. ಎಷ್ಟು ಎಂದು ಕೇಳಬಾರದು, 'ಯಾವತ್ತಿನ ಹಾಗೆ' ಎಂದು ಬೇಸರದಿಂದ ಹೇಳಬೇಕು. ಎಲ್ಲಕ್ಕಿಂತ ಮೊದಲು, ತಮ್ಮ ತಮ್ಮಲ್ಲಿ ತಮ್ಮ ಮಾತು ಆಡಬಾರದು. ಈ ವಿದ್ಯೆಯಿಂದಾಗಿ ತಮ್ಮ ಕಡೆಯಿಂದ ಬಂದವರೆಲ್ಲ ಅವನನ್ನು ಮೀಟರಣ್ಣ ಎಂದು ಕರೆಯತೊಡಗಿದರು. ಹೊಸದಾಗಿ ಬಂದವರು ರಸ್ತೆಯಲ್ಲಿ ನಿಂತು ಫೋನ್ ಮಾಡುತ್ತಾರೆ. 'ಮೀಟರಣ್ಣ, ಆಸ್ಪತ್ರೆಯಿಂದ ಮಾರ್ಕೆಟ್ಟಿಗೆ ಎಷ್ಟು?' ಅವನು ಹೇಳುತ್ತಾನೆ. ಕೆಲವರು ಫೋನನ್ನು ಡ್ರೈವರಿಗೇ ಕೊಟ್ಟುಬಿಡುತ್ತಾರೆ. ಆಗ ಅವನು ಊರಿನ ಮಾತನ್ನು ಎಷ್ಟು ಒರಟಾಗಿ, ಎಷ್ಟು ಸಲೀಸಾಗಿ ಆಡುತ್ತಾನೆಂದರೆ ಆ ಕಡೆಯ ಡ್ರೈವರು 'ಆಯ್ತು ಅಣ್ಣ, ನಿಮ್ಮ ಪೈಕಿ ಅಂತ ಗೊತ್ತಿರಲಿಲ್ಲ' ಎನ್ನುತ್ತಾನೆ. ಅಂಥ ದಿನ ಅವನು ಒಂದು ತುತ್ತು ಹೆಚ್ಚು ಉಣ್ಣುತ್ತಾನೆ.

ಅವನ ಕೆಲಸ ಹಲ್ಲು ಕಟ್ಟುವುದು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆ, ಒಂದೇ ಕಿಟಕಿ, ಎರಡು ಮೇಜು, ಎಲ್ಲದರ ಮೇಲೂ ಬಿಳಿ ಪುಡಿ. ಊರಿನವರ ಬಾಯಿಗಳ ಅಚ್ಚುಗಳು ಹಲಗೆಯ ಮೇಲೆ ಸಾಲಾಗಿ ಕೂತಿರುತ್ತವೆ, ಒಂದೊಂದಕ್ಕೂ ಒಂದೊಂದು ನಂಬರು. ಮುಂದಿನ ಕೋಣೆಯಲ್ಲಿ ಕೂತವರ ಮುಖವನ್ನು ಅವನು ನೋಡಿದವನಲ್ಲ, ಬಾಯಿಯ ಒಳಗು ಮಾತ್ರ ಗೊತ್ತು. ಊರಿನ ಮಾತಿನ ಎರಡು ಮೂರು ಅಕ್ಷರಗಳು ಅವನ ನಾಲಗೆಗೆ ಬಗ್ಗದೆ ಇದ್ದಾಗ, ಊಟದ ಬಿಡುವಿನಲ್ಲಿ ಯಾರದೋ ಅಂಗುಳಿನ ಅಚ್ಚನ್ನು ಕೈಯಲ್ಲಿ ಹಿಡಿದು, ಇಲ್ಲಿ ತಾಗಬೇಕು, ಇಲ್ಲಿ ತಾಗಬಾರದು ಎಂದು ಬೆರಳಿನಿಂದ ಮುಟ್ಟಿ ಮುಟ್ಟಿ ಕಲಿತ. ಒಮ್ಮೆ ವೈದ್ಯರು ಬಾಗಿಲಲ್ಲಿ ನಿಂತು ನೋಡಿ, 'ಆ ನಂಬರಿನವರು ತೀರಿಕೊಂಡ್ರಪ್ಪ, ಆ ಅಚ್ಚು ಒಡೆದು ಹಾಕು' ಎಂದಿದ್ದರು. ಸತ್ತವನೊಬ್ಬನ ಬಾಯಿಂದ ಮಾತು ಕಲಿತೆ ಎಂದು ಅವನಿಗೆ ಸಂಜೆಯವರೆಗೂ ಒಂಥರಾ ಆಗಿತ್ತು. ಆದರೂ ಆ ಅಕ್ಷರ ಆವತ್ತಿನಿಂದ ಸರಿಯಾಗಿ ಬಂತು.

'ಆ ಡಬ್ಬಿ ಬಟ್ಟೆಗಳ ಮಧ್ಯೆ ಇಡು ಅಕ್ಕ, ಒಡೆದೀತು' ಎಂದ. ಅಕ್ಕ ಮಂಚದ ಮೇಲೆ ಚೀಲ ಬಿಚ್ಚಿಕೊಂಡು ಕೂತಿದ್ದಳು. ಡಬ್ಬಿಯಲ್ಲಿದ್ದದ್ದು ಹಲ್ಲನ್ನು ನೆನೆಹಾಕುವ ಬಟ್ಟಲು. ಬಂದ ಮೂರನೆಯ ದಿನವೇ ಅವನು ಅವಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದ. ವೈದ್ಯರು ಅಚ್ಚು ತೆಗೆದರು, ಅವನು ಹಲ್ಲು ಕಟ್ಟಿದ. ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸುವಾಗ, ತನ್ನನ್ನು ಬೈದ, ಉಣ್ಣಿಸಿದ, ಶಾಲೆಯ ಬಾಗಿಲವರೆಗೆ ಕೂಗಿಕೊಂಡು ಬಂದ ಬಾಯಿ ಇದು ಎಂದು ಅವನಿಗೆ ನೆನಪಾಗಿತ್ತು. ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಬಗ್ಗಿ ನೋಡಿದ್ದ. ಹೇಳದೆ ಉಳಿದ ಮಾತು ಅಲ್ಲೆಲ್ಲಾದರೂ ಅಂಟಿಕೊಂಡಿದೆಯೋ ಎಂದು ನೋಡುವವನ ಹಾಗೆ. ಹಲ್ಲು ಕೂರಿಸಿದ ದಿನ, 'ಅಭ್ಯಾಸ ಆಗೋ ತನಕ ದಿನಾ ಜೋರಾಗಿ ಮಾತಾಡ್ಬೇಕು ಅಕ್ಕ, ಇಲ್ದಿದ್ರೆ ಸಡಿಲ ಅನ್ಸುತ್ತೆ' ಎಂದ. 'ಯಾರ ಹತ್ರ ಮಾತಾಡ್ಲಿ? ನೀನು ಕೆಲಸಕ್ಕೆ, ಅವಳು ಕೆಲಸಕ್ಕೆ. ಗೋಡೆ ಹತ್ರ ಆಡ್ಲಾ?' ಎಂದು ಅಕ್ಕ ನಕ್ಕಿದ್ದಳು. ಹೊಸ ಹಲ್ಲಿನಲ್ಲಿ ನಗು ಬೇರೆ ಯಾರದೋ ಹಾಗೆ ಕಾಣಿಸಿತ್ತು.

ಅವನ ಹೆಂಡತಿ ಬೆಳಿಗ್ಗೆಯೇ ಅಕ್ಕನ ಕಾಲು ಮುಟ್ಟಿ ಹೊರಟುಹೋಗಿದ್ದಳು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಹಾಸಿಗೆಯ ಬಟ್ಟೆಗಳನ್ನು ಇಸ್ತ್ರಿ ಮಾಡುವ ಕೆಲಸ ಅವಳದು; ಬೇಗ ಬಿಡುವುದಿಲ್ಲ, ನಾಲ್ಕಕ್ಕೇ ಬಿಡುವುದು. ಹೋಗುವಾಗ ಅವನ ಕಡೆ ತಿರುಗಿ, 'ಡ್ರೈವರು ಎಷ್ಟೇ ಕೇಳ್ಲಿ, ಇವತ್ತೊಂದು ದಿನ ಅಕ್ಕನ ಜೊತೆ ಮಾತಾಡ್ಕೊಂಡು ಹೋಗ್ರಿ' ಎಂದಿದ್ದಳು. ಅವನಿಗೆ ಚುರುಕ್ ಎಂದಿತು. ತನ್ನ ಮನಸ್ಸಿನಲ್ಲಿದ್ದದ್ದು ಇವಳಿಗೆ ಹೇಗೆ ಗೊತ್ತಾಯಿತು ಎಂದಲ್ಲ. ನಾಲ್ಕು ವರ್ಷದ ಹಿಂದೆ, ಆಸ್ಪತ್ರೆಯಿಂದ, ಹೊಟ್ಟೆಯಲ್ಲಿ ಐದು ತಿಂಗಳಿಗೇ ನಿಂತುಹೋದದ್ದನ್ನು ಅಲ್ಲೇ ಬಿಟ್ಟು ಮನೆಗೆ ಬರುವಾಗ, ಟ್ಯಾಕ್ಸಿಯ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದ ಅವಳು ಒಮ್ಮೆ ಅವನ ಕಡೆ ತಿರುಗಿ ತುಟಿ ಬಿಚ್ಚಿದ್ದಳು. ಅವನು ಏನೂ ಮಾಡಿರಲಿಲ್ಲ, ಮಂಡಿಯನ್ನೂ ಒತ್ತಿರಲಿಲ್ಲ. ಸುಮ್ಮನೆ ಡ್ರೈವರಿನ ತಲೆಯ ಹಿಂಭಾಗವನ್ನು ನೋಡಿದ್ದ, ಅಷ್ಟೇ. ಅವಳು ಮತ್ತೆ ಕಿಟಕಿಗೆ ತಿರುಗಿಕೊಂಡಳು. ಇಳಿಯುವಾಗ ಡ್ರೈವರು ಊರಿನವರ ದರವನ್ನೇ ಕೇಳಿದ. ತಾನು ಆ ಹೊತ್ತಿನಲ್ಲೂ ಒಳಗೊಳಗೇ ಹಿಗ್ಗಿದೆ ಎನ್ನುವುದನ್ನು ಅವನು ಯಾರಿಗೂ ಹೇಳಿಲ್ಲ.

ಹೊರಗೆ ಬಂದಾಗ ಬಿಸಿಲಿಗೆ ಬಣ್ಣವೇ ಇರಲಿಲ್ಲ. ಮಂಜೋ ಧೂಳೋ ತಿಳಿಯದ ಒಂದು ಬೆಳ್ಳನೆಯದು ರಸ್ತೆಯ ತುದಿಯನ್ನು ಒರೆಸಿಹಾಕಿತ್ತು. ಟ್ಯಾಕ್ಸಿ ಬಂದು ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಹಿಂದಿನ ಬಾಗಿಲು ತೆಗೆದು, ಚೀಲವನ್ನು ಸೀಟಿನ ಆ ತುದಿಗೆ ಎಸೆದು, ಮುಖ ಗಂಟುಹಾಕಿಕೊಂಡು ಕೂತು, ಊರಿನ ಮಾತಿನಲ್ಲಿ 'ಸ್ಟೇಷನ್, ಯಾವತ್ತಿನ ಹಾಗೆ' ಎಂದುಬಿಟ್ಟಳು. ಸ್ವಲ್ಪ ಎಡವಿತು, ಹೊಸ ಹಲ್ಲಿನ ಸಂದಿಯಲ್ಲಿ ಒಂದು ಸಣ್ಣ ಸಿಳ್ಳೆಯೂ ಬಂತು. ಆದರೆ ಈ ಊರಿನ ಮುದುಕಿಯರೆಲ್ಲ ಹಾಗೇ ಸಿಳ್ಳೆಹಾಕುತ್ತಲೇ ಮಾತಾಡುತ್ತಾರೆ. ಡ್ರೈವರು ತಲೆಯಾಡಿಸಿ ಗಾಡಿ ಬಿಟ್ಟ. ಆರು ವಾರ ಅವನು ಫೋನಿನಲ್ಲಿ ಹೊಸಬರಿಗೆ ಪಾಠ ಹೇಳುವುದನ್ನೆಲ್ಲ ಅಕ್ಕ ಅಡುಗೆಮನೆಯಿಂದ ಕೇಳಿಸಿಕೊಂಡು ಬಾಯಿಪಾಠ ಮಾಡಿದ್ದಳು. ಅವನ ಕಡೆ ಓರೆಗಣ್ಣಿನಲ್ಲಿ ನೋಡಿದಳು. ಹೇಗೆ, ಎನ್ನುವ ಹಾಗೆ.

'ಅಕ್ಕ' ಎಂದ ಅವನು. ಅಷ್ಟೇ ಅಂದದ್ದು. ಅಕ್ಕನ ಕೈ ಬಂದು ಅವನ ಮಂಡಿಯ ಮೇಲೆ ಬಿತ್ತು, ಬಲವಾಗಿ ಒತ್ತಿತು. ಇನ್ನೊಂದು ಕೈಯ ಬೆರಳು ತುಟಿಗೆ ಹೋಯಿತು. ಕಣ್ಣು ಡ್ರೈವರನ್ನು ತೋರಿಸಿತು. ಇದೆಲ್ಲ ಅವನದೇ ಅಭಿನಯ, ಆರು ವಾರದ ಹಿಂದಿನದು, ಒಂದು ಎಳೆಯೂ ತಪ್ಪದೆ. ಬೇಡ ಅಕ್ಕ, ಇವತ್ತು ಎಷ್ಟಾದರೂ ಕೇಳಲಿ, ನೀನು ಹೇಳು ಎಂದು ಜೋರಾಗಿ ಹೇಳಬೇಕೆಂದುಕೊಂಡ. ಬೆಳಿಗ್ಗೆಯಿಂದ ಅದಕ್ಕಾಗಿಯೇ ಜೇಬಿನಲ್ಲಿ ದರದ ನಾಲ್ಕರಷ್ಟು ಹಣ ಇಟ್ಟುಕೊಂಡಿದ್ದ. ಕನ್ನಡಿಯಲ್ಲಿ ಡ್ರೈವರಿನ ಎರಡು ಕಣ್ಣು, ಅದರ ಕೆಳಗೆ ಬಟ್ಟೆ ಹೊದ್ದ ಮೀಟರು. ನಾಲಗೆ ಏಳಲಿಲ್ಲ. ನಂಬಲಾಗದ ಸಂಗತಿಯೆಂದರೆ ಅದೇ: ಹಣ ಸಿದ್ಧವಾಗಿತ್ತು, ಮನಸ್ಸು ಸಿದ್ಧವಾಗಿತ್ತು, ನಾಲಗೆ ಮಾತ್ರ ಹನ್ನೊಂದು ವರ್ಷದ ಅಭ್ಯಾಸದಲ್ಲಿ ತನ್ನ ಪಾಡಿಗೆ ತಾನು ಮಲಗಿತ್ತು. ಪಕ್ಕದಲ್ಲಿ ಅಕ್ಕ, ತಮ್ಮನಿಗೆ ನಾಲ್ಕು ಕಾಸು ಉಳಿಸಿಕೊಡುತ್ತಿರುವ ಖುಷಿಯಲ್ಲಿ, ಬೊಂಬೆಯ ಹಾಗೆ ನೆಟ್ಟಗೆ ಕೂತಿದ್ದಳು.

ಸೇತುವೆ ಬಂತು. ಗಾಡಿಗಳು ಕಟ್ಟಿಕೊಂಡಿದ್ದವು. ಕೆಳಗೆ ನೀರು ಕಾಣಿಸುತ್ತಿರಲಿಲ್ಲ, ಬಿಳಿಯದೇ ಇತ್ತು. ಅಪ್ಪ ಬಸ್ಸಿನ ಕಂಡಕ್ಟರು. ರಜೆಯಿದ್ದಾಗ ಅವನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು, ಕೊನೆಯ ಸೀಟಿನ ಮೂಲೆಯಲ್ಲಿ. ಅಪ್ಪನ ಬೆರಳುಗಳ ನಡುವೆ ಮಡಚಿದ ನೋಟುಗಳು, ಹೆಗಲಿಗೆ ಚರ್ಮದ ಚೀಲ, ಬಾಯಲ್ಲಿ ಸದಾ ಅದೇ ಮಾತು: ಒಳಗೆ ನಡೀರಿ, ಒಳಗೆ ಜಾಗ ಇದೆ, ಬಾಗಿಲಲ್ಲಿ ನಿಲ್ಬೇಡಿ. ಒಂದು ದಿನ ಎಲ್ಲಿಯವನೋ, ಮಾತು ಬರದವನು, ದೊಡ್ಡ ನೋಟು ಕೊಟ್ಟು ಅಂಗೈ ಚಾಚಿಕೊಂಡು ನಿಂತ. ಅಪ್ಪ ಚಿಲ್ಲರೆ ಕೊಡಲಿಲ್ಲ. ಆಮೇಲೆ, ಆಮೇಲೆ ಎಂದು ಸನ್ನೆ ಮಾಡಿದರು. ಆ ಮನುಷ್ಯ ಎರಡು ಸ್ಟಾಪಿನವರೆಗೆ ಅಂಗೈಯನ್ನು ಹಾಗೇ ಹಿಡಿದುಕೊಂಡಿದ್ದು ಮೂರನೆಯದರಲ್ಲಿ ಇಳಿದುಹೋದ. ಅಪ್ಪ ಇವನ ಕಡೆ ತಿರುಗಿ ಕಣ್ಣು ಹೊಡೆದರು. ಇವನು ನಕ್ಕ. ಏಳು ವರ್ಷದವನು, ಅಪ್ಪ ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದಕ್ಕೆ ನಕ್ಕ. ಈಗ ಯೋಚಿಸಿದರೆ ತನ್ನ ಬದುಕೆಲ್ಲ ಆ ಎರಡು ಸ್ಟಾಪಿನ ನಡುವೆಯೇ ನಿಂತುಬಿಟ್ಟಿದೆ, ಒಮ್ಮೆ ನಗುವವನಾಗಿ, ಒಮ್ಮೆ ಅಂಗೈ ಚಾಚಿದವನಾಗಿ ಎಂದು ಅನ್ನಿಸುತ್ತದೆ. ಮುಂದಿನ ಗಾಡಿ ಕದಲಿತು. ಡ್ರೈವರು ಗೇರು ಹಾಕಿದ.

ಹೋದ ವರ್ಷ ಅಪ್ಪ ಕೊನೆಯ ಹಾಸಿಗೆ ಹಿಡಿದಾಗಲೂ, ತೀರಿಕೊಂಡಾಗಲೂ ಅವನು ಹೋಗಲಿಲ್ಲ. ಇಲ್ಲಿ ಇರುವ ಪರವಾನಗಿಯನ್ನು ಹೊಸದು ಮಾಡಿಸಲು ಕೊಟ್ಟಿದ್ದೇನೆ, ಅದು ಕೈಗೆ ಬರದೆ ಈ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದ. ಪರವಾನಗಿ ಅದಕ್ಕೆ ಎರಡು ದಿನ ಮೊದಲೇ ಬಂದಿತ್ತು. ಮೇಜಿನ ಡ್ರಾಯರಿನಲ್ಲಿ, ಬಿಚ್ಚಿದ ಲಕೋಟೆಯಲ್ಲಿ. ಪ್ರತಿವರ್ಷ ಬರುತ್ತೇನೆ ಎಂದು ಹೇಳಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೋಗದ ಮುಖವನ್ನು ಸಾಯುವವರ ಮುಂದೆ ಹೇಗೆ ಹಿಡಿಯುವುದು. ಮೊದಮೊದಲು ಅಪ್ಪ 'ಯಾವಾಗ ಬರ್ತೀಯ' ಎಂದು ಕೇಳುತ್ತಿದ್ದರು. ಆಮೇಲೆ 'ಹುಷಾರಾಗಿದೀಯಾ' ಎಂದಷ್ಟೇ. ಕೊನೆಕೊನೆಗೆ ಫೋನನ್ನು ಅಕ್ಕನ ಕೈಗೇ ಕೊಟ್ಟುಬಿಡುತ್ತಿದ್ದರು. ಬೈದಿದ್ದರೆ ಬೈದದ್ದೇ ಸರಿ, ಹರಸಿದ್ದರೆ ಹರಸಿದ್ದೇ ಸರಿ, ಅಪ್ಪ ಏನೋ ಒಂದು ಹೇಳಿದ್ದಾರಲ್ಲ, ಅದು ಸಿಕ್ಕಿಬಿಟ್ಟರೆ ಸಾಕು. ಅದಿಲ್ಲದೆ ಅಕ್ಕ ರೈಲು ಹತ್ತಿದರೆ, ಅರವತ್ತೇಳರ ಆ ಜೀವ ಇನ್ನೊಮ್ಮೆ ಎರಡು ಹಗಲು ಒಂದು ರಾತ್ರಿ ಪ್ರಯಾಣ ಮಾಡಿ ಇಲ್ಲಿಗೆ ಬರುವುದುಂಟೇ. ತಾನಂತೂ ಹೋಗುವವನಲ್ಲ ಎಂದು ಅವನಿಗೆ ತನ್ನ ಬಗ್ಗೆ ಚೆನ್ನಾಗಿಯೇ ಗೊತ್ತಿತ್ತು.

ಸ್ಟೇಷನ್ನಿನ ಮುಂದೆ ಟ್ಯಾಕ್ಸಿ ನಿಂತಿತು. ಡ್ರೈವರು ಕೆಳಗಿಳಿದು ಚೀಲ ಇಳಿಸಿಕೊಟ್ಟ. ಊರಿನವರ ದರವನ್ನೇ ಕೇಳಿದ, ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. 'ನಿಮ್ಮ ತಾಯಿಯವರಾ? ಹುಷಾರಾಗಿ ಹತ್ತಿಸಿ. ಈಗೀಗ ಸ್ಟೇಷನ್ ತುಂಬ ಪರದೇಶದವರೇ' ಎಂದ. ಅವನು ಹಣ ಕೊಟ್ಟ. ಹನ್ನೊಂದು ವರ್ಷ ಕಾದು ಕೂತಿದ್ದ ಮಾತು ಇದೇ ಇರಬೇಕು. ಇಷ್ಟು ಸಂಪೂರ್ಣವಾಗಿ ಅವನನ್ನು ಯಾರೂ ಒಳಗೆ ಸೇರಿಸಿಕೊಂಡಿರಲಿಲ್ಲ. ಅದು ಬಂದಾಗ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು.

ಟ್ಯಾಕ್ಸಿ ಮರೆಯಾಗುವವರೆಗೆ ತಡೆದುಕೊಂಡಿದ್ದ ಅಕ್ಕ, 'ನೋಡ್ದಾ?' ಎಂದಳು. 'ತುಟಿ ಪಿಟಕ್ ಅನ್ಲಿಲ್ಲ ನಾನು. ಏನೋ ಅಂತಿದ್ಯಲ್ಲ, ಅಕ್ಕನಿಗೆ ಬರಲ್ಲ ಅಂತ.'

'ಅಕ್ಕ, ಟೈಮಿಲ್ಲ. ಗೇಟಿನಿಂದ ಆಚೆ ನನ್ನ ಬಿಡಲ್ಲ. ಈಗಾದ್ರೂ ಹೇಳು.'

'ಏನು ಹೇಳ್ಲೋ?'

'ಅಪ್ಪ ಏನಂದ್ರು? ಬೈದ್ರಾ? ಬೈದಿದ್ರೂ ಪರವಾಗಿಲ್ಲ, ಹೇಳ್ಬಿಡು.'

ಅಕ್ಕ ಚೀಲವನ್ನು ಕೆಳಗಿಟ್ಟಳು. ನಾಲಗೆಯಿಂದ ಹಲ್ಲನ್ನು ಒಮ್ಮೆ ಸರಿಮಾಡಿಕೊಂಡಳು. ಅವಳ ಹಿಂದೆ ಗಾಜಿನ ದೊಡ್ಡ ಗೋಡೆ, ಅದರಾಚೆ ಜನ ಸದ್ದಿಲ್ಲದೆ ಓಡಾಡುತ್ತಿದ್ದರು. 'ಅದು ನಾನು ಕಟ್ಟಿಕೊಂಡು ಬಂದ ಮಾತು ಕಣೋ' ಎಂದಳು. 'ರೈಲಲ್ಲಿ ಎರಡು ದಿನ ಇನ್ನೇನು ಕೆಲಸ. ನೀನು ಕೊರಗ್ತಿರ್ತೀಯ ಅಂತ ಗೊತ್ತಿತ್ತು. ಚೆನ್ನಾಗೇ ಕಟ್ಟಿದ್ದೆ. ಆವತ್ತು ನೀನು ಮಂಡಿ ಒತ್ತದೇ ಇದ್ದಿದ್ರೆ ಹೇಳ್ಬಿಡ್ತಿದ್ದೆ, ನೀನೂ ನಂಬಿಬಿಡ್ತಿದ್ದೆ, ಇಬ್ರೂ ಹಾಯಾಗಿರ್ತಿದ್ವಿ. ಒಂದ್ಸಲ ನಿಂತೋಯ್ತು ನೋಡು, ಆಮೇಲೆ ಧೈರ್ಯ ಬರ್ಲಿಲ್ಲ.'

'ಅಂದ್ರೆ ಅಪ್ಪ...'

'ನಿನ್ನ ಹೆಸರೆತ್ಲಿಲ್ಲ. ನನ್ನ ಹೆಸರೂ ಎತ್ಲಿಲ್ಲ, ಬಿಡು. ಕೊನೇ ನಾಲ್ಕು ದಿನ ಯಾರ ಗುರುತೂ ಇರ್ಲಿಲ್ಲ.'

ಅವನು ತಲೆಯೆತ್ತಿ ನೋಡಿದ. ಮೇಲಿನ ಬೋರ್ಡಿನಲ್ಲಿ ರೈಲುಗಳ ಹೆಸರು ಒಂದೊಂದಾಗಿ ಮೇಲಕ್ಕೆ ಜರುಗುತ್ತಿದ್ದವು. 'ಹಾಗಾದ್ರೆ ಆ ಕಟ್ಟಿದ್ದನ್ನೇ ಹೇಳು' ಎಂದ. ಬೇಡುವವನ ದನಿ ಬಂದುಬಿಟ್ಟಿತ್ತು.

'ಈಗ ಹ್ಯಾಗೆ ಹೇಳ್ಲಿ. ನೀನು ಮಾಡಿಕೊಟ್ಟ ಹಲ್ಲಿಟ್ಕೊಂಡು ನಿನ್ನೆದುರಿಗೇ ಸುಳ್ಳು ಹೇಳಕ್ಕಾಗುತ್ತಾ?' ಅಕ್ಕ ನಗಲು ನೋಡಿದಳು, ಆಗಲಿಲ್ಲ. ಅವನ ಅಂಗಿಯ ತೋಳಿನಲ್ಲಿದ್ದ ಬಿಳಿ ಪುಡಿಯನ್ನು ತಟ್ಟಿದಳು. ಅದು ಎಷ್ಟು ತಟ್ಟಿದರೂ ಹೋಗುವಂಥದ್ದಲ್ಲ.

'ಮತ್ತೆ ನಾಲ್ಕು ದಿನ ಏನೂ ಮಾತೇ ಆಡ್ಲಿಲ್ವಾ?'

'ಆಡ್ದೆ ಏನು. ಡ್ಯೂಟಿ ಮೇಲಿದ್ರಲ್ಲ ನಿಮ್ಮಪ್ಪ. ಬಂದೋರಿಗೆಲ್ಲ ಒಂದೇ ಮಾತು. ಒಳಗೆ ನಡೀರಿ, ಒಳಗೆ ಜಾಗ ಇದೆ, ಬಾಗಿಲಲ್ಲಿ ನಿಲ್ಬೇಡಿ. ಡಾಕ್ಟ್ರಿಗೂ ಅದೇ, ಹಾಲಿನವನಿಗೂ ಅದೇ. ಬೆರಳಲ್ಲಿ ಟಿಕೆಟ್ ಹರಿಯೋರು. ನಮಗೆ ನಗು, ನಕ್ಕಿದ್ದಕ್ಕೆ ಆಮೇಲೆ ಅಳು. ಕೊನೇ ದಿನ ಸಾಯಂಕಾಲ ಬಾಗಿಲ ಕಡೆ ನೋಡ್ಕೊಂಡು ಅದನ್ನೇ ಅಂದ್ರು, ಒಳಗೆ ಬಾ, ಜಾಗ ಇದೆ ಅಂತ. ಯಾರು ಬಂದ್ರಪ್ಪ ಅಂತ ನಾನು ತಿರುಗಿ ನೋಡಿದ್ರೆ ಯಾರೂ ಇಲ್ಲ.'

'ಯಾರೂ ಇರ್ಲಿಲ್ವಾ?'

'ಬಾಗಿಲು ಖಾಲಿ. ಯಾರಿರ್ತಾರೆ ಆ ಹೊತ್ನಲ್ಲಿ.' ಅಕ್ಕ ಬಗ್ಗಿ ಚೀಲ ಎತ್ತಿಕೊಂಡಳು. 'ಅದಕ್ಕೇ ಹೇಳಿದ್ದು, ಏನಿಲ್ಲ ಬಿಡು ಅಂತ. ನೀನು ಹುಷಾರು. ಅವಳನ್ನ ಚೆನ್ನಾಗಿ ನೋಡ್ಕೋ. ಅವಳಿಗೂ ಮಾತು ಕಮ್ಮಿ ಆಗಿದೆ ಈಗೀಗ.'

ಗೇಟಿನಲ್ಲಿ ಟಿಕೆಟ್ ನೋಡುವವನು ಅಕ್ಕನ ಟಿಕೆಟಿನ ಮೂಲೆ ಹರಿದುಕೊಟ್ಟ. ಅವಳು ಗಾಜಿನಾಚೆ ಹೋಗಿ, ಒಮ್ಮೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ತಮಾಷೆಗೆ. ಆಮೇಲೆ ಅವಳ ನೀಲಿ ಶಾಲು ಸ್ವಲ್ಪ ದೂರ ಕಾಣಿಸಿತು, ಆಮೇಲೆ ಎಲ್ಲ ಶಾಲುಗಳೂ ನೀಲಿಯಾಗಿಯೇ ಕಂಡವು.

ಎಷ್ಟು ಹೊತ್ತು ಅಲ್ಲಿ ನಿಂತಿದ್ದನೋ ತಿಳಿಯದು. ಹಿಂದಿನಿಂದ ಜನ ಅವನನ್ನು ತಳ್ಳಿಕೊಂಡು ಹೋಗುತ್ತಿದ್ದರು, ಯಾರೋ 'ದಾರಿ ಬಿಡಿ' ಎಂದರು. ನೋಡಿದರೆ ಅವನು ಬಾಗಿಲಲ್ಲೇ ನಿಂತಿದ್ದ. ಹೊರಗೆ ಬಂದು ಒಂದು ಟ್ಯಾಕ್ಸಿ ಹತ್ತಿದ. ಚೀಲ ಇಲ್ಲದ್ದರಿಂದ ಎಸೆಯುವುದಕ್ಕೂ ಏನೂ ಇರಲಿಲ್ಲ. ಗಂಟೆ ಮೂರೂಮುಕ್ಕಾಲು ಆಗಿಬಿಟ್ಟಿತ್ತು. ಗಿರಣಿ ಮೂಲೆ ಎನ್ನಲು ಹೋಗಿ, ಹೆಂಡತಿ ಕೆಲಸ ಮಾಡುವ ಹೋಟೆಲಿನ ಹೆಸರು ಹೇಳಿದ. ಹೋಟೆಲಿನ ಹಿಂದಿನ ಓಣಿಯಲ್ಲಿ ನೆಲಮಾಳಿಗೆಯ ಕಿಂಡಿಗಳಿಂದ ಹಬೆ ಏಳುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಆ ಹಬೆಯೊಳಗಿಂದ ಮೇಲಕ್ಕೆ ಬಂದರು, ಎಲ್ಲರ ಕೆನ್ನೆಯೂ ಕೆಂಪು, ಎಲ್ಲರ ಕೂದಲೂ ಹಣೆಗೆ ಅಂಟಿತ್ತು. ಅವನ ಹೆಂಡತಿ ಕೊನೆಯವಳು. ಟ್ಯಾಕ್ಸಿಯ ಕಿಟಕಿಯಲ್ಲಿ ಅವನನ್ನು ಕಂಡು ಗಾಬರಿಯಾದಳು. ಅವನು ಒಮ್ಮೆಯೂ ಅವಳನ್ನು ಕರೆದುಕೊಂಡು ಹೋಗಲು ಬಂದವನಲ್ಲ. ಒಳಗೆ ಕೂತಳು. ಬಾಯಿ ಮುಚ್ಚಿಕೊಂಡೇ, ಹುಬ್ಬು ಮಾತ್ರ ಎತ್ತಿ, ಏನಾಯಿತು ಎಂದು ಕೇಳಿದಳು. ಈ ಸನ್ನೆಗಳನ್ನೆಲ್ಲ ಇವಳಿಗೆ ಕಲಿಸಿದ್ದು ಅವನೇ.

ನಾಲಗೆ ಈ ಸಲವೂ ಏಳಲಿಲ್ಲ. ಗಾಡಿ ಓಣಿಯಿಂದ ದೊಡ್ಡ ರಸ್ತೆಗೆ ತಿರುಗಿತು. ಏನು ಹೇಳಬೇಕೆಂದೇ ಹೊಳೆಯದೆ ಅವನು, ತಮ್ಮ ಮಾತಿನಲ್ಲಿ, ಸ್ವಲ್ಪ ಜೋರಾಗಿಯೇ, 'ಒಳಗೆ ನಡೀರಿ, ಒಳಗೆ ಜಾಗ ಇದೆ' ಎಂದ. ತನ್ನದೇ ದನಿ ಅಪ್ಪನ ದನಿಯ ಹಾಗೆ ಕೇಳಿಸಿತು. ಡ್ರೈವರಿನ ಕಣ್ಣು ಕನ್ನಡಿಗೆ ಬಂತು. ಹೆಂಡತಿಯ ಕೈ ತಟಕ್ಕನೆ ಬಂದು ಅವನ ಮಂಡಿಯನ್ನು ಒತ್ತಿತು. ಆ ಕೈ ಇನ್ನೂ ಬಿಸಿಯಾಗಿತ್ತು, ಇಸ್ತ್ರಿಯ ವಾಸನೆ ಇತ್ತು. ಅವನು ಆ ಕೈಯನ್ನು ಹಾಗೇ ಹಿಡಿದುಕೊಂಡ.

'ಆವತ್ತು' ಎಂದ. 'ಆಸ್ಪತ್ರೆಯಿಂದ ಬರುವಾಗ. ನೀನು ಏನೋ ಹೇಳೋಕ್ಕೆ ಬಂದೆ. ನಾನು ಡ್ರೈವರ್ ಕಡೆ ನೋಡ್ದೆ.'

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಮುಂದಿನಿಂದ ಡ್ರೈವರು ಊರಿನ ಮಾತಿನಲ್ಲಿ, ನಿಧಾನವಾಗಿ, ಕಿವುಡರೊಂದಿಗೆ ಮಾತಾಡುವವನ ಹಾಗೆ, 'ಯಾವ ದೇಶದವರು ನೀವು? ನಮ್ಮೂರಿಗೆ ಯಾವಾಗ ಬಂದಿದ್ದು?' ಎಂದು ಕೇಳಿದ.

'ಇವತ್ತೇ ಬಂದ್ವಿ' ಎಂದ ಅವನು, ಗಿರಣಿ ಮೂಲೆ ಎನ್ನದೆ ಮನೆಯ ವಿಳಾಸವನ್ನು ಹೊರಗಿನವರ ಹಾಗೆ ಪೂರ್ತಿ ಹೇಳಿದ.

ಕನ್ನಡಿಯಲ್ಲಿ ಆ ಕಣ್ಣುಗಳು ಸಣ್ಣಗಾದವು. ಅವನಿಗೆ ಚಿಕ್ಕಂದಿನ ಆ ಬಸ್ಸಿನಿಂದ ಗೊತ್ತಿದ್ದ ಕಣ್ಣೇ ಅದು. ಅದರ ಮೇಲೆ ಸಿಟ್ಟು ಬರಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿದ. 'ನಿನಗೆ ನೆನಪಿಲ್ದಿದ್ರೆ ಬೇಡ' ಎಂದ. 'ಕಟ್ಟಿ ಹೇಳೋದೂ ಬೇಡ. ಇದ್ರೆ ಹೇಳು.'

ಅವಳು ಡ್ರೈವರನ್ನು ನೋಡಿದಳು, ಬಟ್ಟೆ ಹೊದ್ದ ಮೀಟರನ್ನು ನೋಡಿದಳು. ಆಮೇಲೆ ತುಂಬಾ ಸಣ್ಣ ದನಿಯಲ್ಲಿ, 'ನೆನಪಿಲ್ದೆ ಏನ್ರೀ' ಎಂದಳು. ಸೇತುವೆ ಬಂದು ಹಿಂದೆ ಹೋಯಿತು. 'ಅವರು ನನಗೆ ತೋರಿಸಿದ್ರು' ಎಂದಳು. 'ನೀವು ಹೊರಗೆ ಕಾಗದಕ್ಕೆ ಸಹಿ ಹಾಕ್ತಿದ್ರಲ್ಲ, ಆಗ. ಬೇಡ ಅಂದ್ರೂ ತೋರಿಸಿದ್ರು. ಅದು ಹುಡುಗಿ. ನಿಮ್ಮಕ್ಕನ ಬಾಯಿ ಇತ್ತು ಅದಕ್ಕೆ.'

ಗಿರಣಿ ಮೂಲೆ ಹತ್ತಿರವಾಗುತ್ತಿತ್ತು. ಅಲ್ಲಿ ಬಲಕ್ಕೆ ತಿರುಗಿದರೆ ಎರಡು ನಿಮಿಷಕ್ಕೆ ಮನೆ. ಅವಳ ದನಿ ಸ್ವಲ್ಪ ಸ್ವಲ್ಪವಾಗಿ ಮೇಲೇರುತ್ತಿತ್ತು. ಹೆಸರೊಂದನ್ನು ಇಟ್ಟುಕೊಂಡಿದ್ದೆ ಎಂದಳು, ಮನಸ್ಸಿನಲ್ಲೇ ಕರೆಯುತ್ತಿದ್ದೆ ಎಂದಳು, ಆವತ್ತು ಟ್ಯಾಕ್ಸಿಯಲ್ಲಿ ಆ ಹೆಸರನ್ನು ನಿಮಗೆ ಹೇಳಿ ಮುಗಿಸಿಬಿಡೋಣ ಅಂತಿದ್ದೆ ಎಂದಳು. ಡ್ರೈವರು ಬಲಕ್ಕೆ ತಿರುಗಲಿಲ್ಲ. ಕನ್ನಡಿಯಲ್ಲಿ ಒಮ್ಮೆ ನೋಡಿ, ನೇರವಾಗಿ ಹೊರವರ್ತುಲದ ರಸ್ತೆಗೆ ಬಿಟ್ಟ. ಈ ದಾರಿ ಮೀಟರಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಊರನ್ನೆಲ್ಲ ಸುತ್ತಿ, ಕೆರೆಯ ಏರಿ ಹಿಡಿದು, ಮತ್ತೆ ಇದೇ ಮೂಲೆಗೆ ಬರುತ್ತದೆ. ಕಡಿಮೆಯೆಂದರೆ ಮುಕ್ಕಾಲು ಗಂಟೆ. ತಪ್ಪು ದಾರಿ, ತಿರುಗಿಸು ಎನ್ನುವ ಮಾತು ಊರಿನವರ ಒರಟು ದನಿಯಲ್ಲಿ ಅವನ ನಾಲಗೆಯ ತುದಿಯವರೆಗೆ ಬಂತು. ಅವಳು ಇನ್ನೂ ಹೇಳುತ್ತಿದ್ದಳು. ಅವನು ಬಾಯಿ ಮುಚ್ಚಿಕೊಂಡು, ಅವಳ ಕೈ ಹಿಡಿದುಕೊಂಡು, ಕೇಳುತ್ತಾ ಕೂತ.